ಕೆರೆಗೆ ಒಂದಲ್ಲ, ಎರಡು ತಳ: ಹೂಳು ಅಳೆಯಲು ತಟ್ಟೆ, ಪೈಪು, ಹಗ್ಗ ಸಾಕು

ಬಾಗಲೂರು: ಗಡಿಭಾಗದ ಊರುಗಳಲ್ಲಿ ಕೆರೆಯ ಮಾತು ಬಂದರೆ ಭಾಷೆಯೇ ಒಮ್ಮೊಮ್ಮೆ ತಮಾಷೆ ಮಾಡುತ್ತದೆ. ಕನ್ನಡದವರ ‘ಕೆರೆ’ ತಮಿಳಿನವರಿಗೆ ‘ಏರಿ’. ಕನ್ನಡದವರ ‘ಏರಿ’ ತಮಿಳಿನವರಿಗೆ ‘ಕರೈ’. ‘ಏರಿ ರಿಪೇರಿ ಆಗಬೇಕು’ ಎಂದು ಗ್ರಾಮಸಭೆಯಲ್ಲಿ ಯಾರಾದರೂ ಎದ್ದು ನಿಂತು ಹೇಳಿದರೆ ಒಬ್ಬರಿಗೆ ಕಾಣುವುದು ಮಣ್ಣಿನ ದಂಡೆ, ಪಕ್ಕದಲ್ಲಿ ಕೂತವರಿಗೆ ಕಾಣುವುದು ಇಡೀ ಕೆರೆ. ಎರಡು ಭಾಷೆ ಬಲ್ಲ ನಮ್ಮ ಜನಕ್ಕೆ ಇದು ಹೊಸದೇನಲ್ಲ, ನಕ್ಕು ಸುಮ್ಮನಾಗುತ್ತಾರೆ.

ಆದರೆ ನಕ್ಕು ಬಿಡಲಾಗದ ಇನ್ನೊಂದು ಗೊಂದಲವಿದೆ. ಅದು ಕೆರೆಯ ತಳದ್ದು. ಕನ್ನಡದಲ್ಲಿ ತಳ, ತಮಿಳಿನಲ್ಲಿ ಅಡಿ, ತೆಲುಗಿನಲ್ಲಿ ಅಡುಗು. ಮೂರು ಭಾಷೆಯಲ್ಲೂ ಒಂದೊಂದೇ ಪದ. ಆದರೆ ಹೂಳು ತುಂಬಿದ ಕೆರೆಗೆ ತಳ ಒಂದಲ್ಲ, ಎರಡು! ನೀರು ಮುಗಿದು ಕೆಸರು ಶುರುವಾಗುವ ಜಾಗ ಒಂದು. ಕೆಸರು ಮುಗಿದು ಹಿರಿಯರು ಕಟ್ಟಿದ ಕಾಲದ ಗಟ್ಟಿ ನೆಲ ಸಿಗುವ ಜಾಗ ಇನ್ನೊಂದು. ಈ ಎರಡರ ನಡುವೆ ಇರುವುದೇ ಹೂಳು. ತಮಿಳಿನ ವಂಡಲ್, ತೆಲುಗಿನ ಒಂಡ್ರು ಅದೇ.

ಹೂಳೆತ್ತುವ ಕಾಮಗಾರಿಗೆ ಹಣ ಕೊಡುವುದು ಈ ನಡುವಿನ ಮಣ್ಣಿನ ಲೆಕ್ಕದ ಮೇಲೆ. ಆದ್ದರಿಂದ ಯಂತ್ರ ಕೆರೆಗೆ ಇಳಿಯುವ ಮೊದಲು ಎರಡೂ ತಳ ಎಲ್ಲಿವೆ ಎಂದು ಊರಿನವರಿಗೆ ಗೊತ್ತಿರಬೇಕು. ಗೊತ್ತು ಮಾಡಿಕೊಳ್ಳುವುದು ಹೇಗೆ? ಲಕ್ಷಗಟ್ಟಲೆ ಬೆಲೆಯ ಯಂತ್ರ ಬೇಕೆ? ಬೇಡ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಸಾಮಾನು, ಅಡುಗೆಮನೆಯ ಒಂದು ತಟ್ಟೆ, ಒಂದು ನೋಟ್‌ಬುಕ್ ಸಾಕು.

ಒಂದಡಿ ತಪ್ಪಿದರೆ ಏನಾಗುತ್ತದೆ?

ಲೆಕ್ಕಕ್ಕೆಂದು 10 ಎಕರೆಯ ಒಂದು ಸಣ್ಣ ಕೆರೆ ಇಟ್ಟುಕೊಳ್ಳೋಣ. 10 ಎಕರೆ ಎಂದರೆ 40,470 ಚದರ ಮೀಟರ್. ಅದರಲ್ಲಿ ಸರಾಸರಿ 60 ಸೆಂಟಿಮೀಟರ್ ಹೂಳು ಇದೆ ಎಂದುಕೊಂಡರೆ ಒಟ್ಟು ಹೂಳು ಸುಮಾರು 24,280 ಘನ ಮೀಟರ್.

ಈಗ ಅಳತೆಯಲ್ಲಿ 30 ಸೆಂಟಿಮೀಟರ್, ಅಂದರೆ ಸುಮಾರು ಒಂದಡಿ ತಪ್ಪಿತು ಎನ್ನಿ. ವ್ಯತ್ಯಾಸ 12,140 ಘನ ಮೀಟರ್! ಒಂದು ಟ್ರಾಕ್ಟರಿಗೆ 3 ಘನ ಮೀಟರಿನಂತೆ ಲೆಕ್ಕ ಹಾಕಿದರೂ 4,000 ಲೋಡಿಗಿಂತ ಹೆಚ್ಚು. ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟಾಗ ಕಲ್ಲು ಒಂದಡಿ ಕೆಸರಿನೊಳಗೆ ಹೋಗಿ ನಿಂತರೆ, ಇರುವ ಹೂಳಿನಲ್ಲಿ ಅರ್ಧ ಕಾಗದದ ಮೇಲೆ ಬರುವುದೇ ಇಲ್ಲ. ಕಬ್ಬಿಣದ ಸರಳನ್ನು ಸುತ್ತಿಗೆಯಿಂದ ಹೊಡೆದು ಗಟ್ಟಿ ನೆಲದೊಳಗೂ ಒಂದಡಿ ಇಳಿಸಿದರೆ, ಇಲ್ಲದ ಹೂಳಿಗೆ ಬಿಲ್ಲು ಬರೆಯಲು ದಾರಿಯಾಗುತ್ತದೆ.

ದುಡ್ಡಿನ ಮಾತು ಇಷ್ಟಾದರೆ ನೀರಿನ ಮಾತು ಬೇರೆ. ಕೆರೆಯಂಗಳದ ಹಳೆಯ ಜೇಡಿ ನೆಲ ನೀರನ್ನು ಹಿಡಿದಿಡುವ ಪದರ. ಹೂಳಿನ ಜೊತೆಗೆ ಅದನ್ನೂ ಕೆತ್ತಿ ಕೆಳಗಿನ ಗರಸು ತೆರೆದರೆ ನೀರು ನಿಲ್ಲುವ ಬಗೆಯೇ ಬದಲಾಗುತ್ತದೆ. ಏರಿಯ ಬುಡದಲ್ಲಿ ಆಳಕ್ಕೆ ತೋಡಿದರೆ ಏರಿಯೇ ಸಡಿಲವಾಗುತ್ತದೆ. ತೂಬಿನ ಬಾಯಿಗಿಂತ ಕೆಳಗೆ ತೋಡಿದ ಗುಂಡಿಯ ನೀರು ಅಂತರ್ಜಲಕ್ಕೆ ನೆರವಾದೀತು, ದನಕರು ಕುಡಿದಾವು, ಆದರೆ ತಾನಾಗಿ ಹರಿದು ಗದ್ದೆಗೆ ಬರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮಣ್ಣಿಗಾಗಿ ತೋಡಿದ ಗುಂಡಿಗಳು ಮಳೆಗಾಲದಲ್ಲಿ ತುಂಬಿ ಮೇಲೆ ಸಪಾಟಾಗಿ ಕಾಣುತ್ತವೆ. ಈಜಲು ಇಳಿದ ಮಕ್ಕಳು ಅಂಥ ಗುಂಡಿಗಳಲ್ಲಿ ಮುಳುಗಿದ ಸುದ್ದಿ ಪ್ರತಿ ವರ್ಷ ಒಂದಲ್ಲ ಒಂದು ಊರಿನಿಂದ ಬರುತ್ತಲೇ ಇರುತ್ತದೆ.

ತುಂಗಭದ್ರೆ ಹೇಳುವ ಪಾಠ

ತಳ ಅಳೆಯುವುದು ಸುಲಭದ ಕೆಲಸವಲ್ಲ ಎಂಬುದಕ್ಕೆ ದೊಡ್ಡ ಉದಾಹರಣೆ ಹೊಸಪೇಟೆಯ ತುಂಗಭದ್ರಾ ಜಲಾಶಯ. 1953ರಲ್ಲಿ ಅದರ ಸಾಮರ್ಥ್ಯ ಸುಮಾರು 133 ಟಿಎಂಸಿ. ವರ್ಷ ವರ್ಷ ಹೂಳು ಬಂದು ಕೂತು, 2008ರ ಸರ್ವೆಯಲ್ಲಿ ಸಿಕ್ಕ ಅಂಕಿ ಸುಮಾರು 100.86 ಟಿಎಂಸಿ. ಆಮೇಲೆ 2016ರ ಸರ್ವೆಯಲ್ಲಿ ಸಿಕ್ಕಿದ್ದು 105.79 ಟಿಎಂಸಿ. ಎಂಟು ವರ್ಷಗಳಲ್ಲಿ ಹೂಳು ಕಡಿಮೆಯಾಯಿತೆ? ಜಲಾಶಯದ ಹೂಳು ತಾನಾಗಿ ಕರಗುವ ವಸ್ತುವಲ್ಲ. ಎರಡು ಸರ್ವೆಗಳ ನಡುವೆ ಬದಲಾದದ್ದು ಮುಖ್ಯವಾಗಿ ಅಳೆದ ಬಗೆ ಎಂದೇ ತಿಳಿಯಬೇಕು. ಮೂರು ರಾಜ್ಯಗಳಿಗೆ ನೀರು ಹಂಚುವ ಜಲಾಶಯದಲ್ಲಿ ಅಳತೆಯೊಂದರಿಂದಲೇ ಸುಮಾರು 5 ಟಿಎಂಸಿ ಆಚೀಚೆ ಆಗುವುದಾದರೆ ಹಳ್ಳಿಯ ಕೆರೆಯ ಗತಿಯೇನು?

ಸಮಾಧಾನದ ಸಂಗತಿಯೂ ಇದೆ. ದೊಡ್ಡ ಜಲಾಶಯದ ತಳವನ್ನು ಕೋಲಿನಿಂದ ಮುಟ್ಟಲಾಗದು. ಹಳ್ಳಿಯ ಕೆರೆಯ ತಳವನ್ನು ಮುಟ್ಟಬಹುದು. ಎರಡು ಮೂರು ಮೀಟರ್ ನೀರಿನಲ್ಲಿ ಕೈಗೆ ತಗಲುವ ಅನುಭವ ದುಬಾರಿ ಯಂತ್ರಕ್ಕಿಂತ ಎಷ್ಟೋ ಸಲ ಮೇಲು.

ಹಿಂದೆ ಈ ಕಷ್ಟ ಇರಲಿಲ್ಲ

ಹಿಂದೆ ಬೇಸಿಗೆಯಲ್ಲಿ ಕೆರೆ ಒಣಗುತ್ತಿತ್ತು. ಏಪ್ರಿಲ್, ಮೇ ತಿಂಗಳಲ್ಲಿ ಅಂಗಳ ಬಿರುಕು ಬಿಟ್ಟಾಗ ರೈತರು ಗಾಡಿ ಕಟ್ಟಿಕೊಂಡು ಹೋಗಿ ಗೋಡು ಮಣ್ಣು ತುಂಬಿ ತಂದು ಹೊಲಕ್ಕೆ ಹರಡುತ್ತಿದ್ದರು. ಹೊಲಕ್ಕೆ ಗೊಬ್ಬರ, ಕೆರೆಗೆ ಆಳ. ಕಪ್ಪು ಗೋಡು ಮುಗಿದು ಕೆಂಪು ನೆಲವೋ ಗರಸೋ ಕಂಡಾಗ ಗುದ್ದಲಿ ತಾನಾಗಿ ನಿಲ್ಲುತ್ತಿತ್ತು. ತೂಬು ತೆರೆದು ಮುಚ್ಚುವ ನೀರುಗಂಟಿಗೆ ಕೆರೆಯ ಯಾವ ಮೂಲೆ ಎಷ್ಟು ಆಳ ಎಂಬುದು ಬಾಯಿಪಾಠ. ಅಳೆಯುವ ಪ್ರಶ್ನೆಯೇ ಬರುತ್ತಿರಲಿಲ್ಲ.

ಈಗ ಪೇಟೆಯ ಚರಂಡಿ ನೀರು ಸೇರುವ ಕೆರೆಗಳು ಬೇಸಿಗೆಯಲ್ಲೂ ಒಣಗುವುದಿಲ್ಲ. ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳ ಕಥೆ ಎಲ್ಲರಿಗೂ ಗೊತ್ತು. ಸುಮಾರು 900 ಎಕರೆಯ ಬೆಳ್ಳಂದೂರು ಕೆರೆಯಲ್ಲಿ 2015ರಲ್ಲಿ ನೊರೆಗೆ ಬೆಂಕಿ ಹತ್ತಿತ್ತು, 2017 ಮತ್ತು 2018ರಲ್ಲೂ ಕೆರೆಯಂಗಳದಲ್ಲಿ ಬೆಂಕಿ ಕಾಣಿಸಿತು. ಕಡೆಗೆ ಅಲ್ಲಿ ಚರಂಡಿ ನೀರನ್ನು ಬೇರೆ ಕಡೆ ತಿರುಗಿಸಿ, ಕೆರೆ ಬರಿದು ಮಾಡಿ, ಯಂತ್ರ ಇಳಿಸಿ ಹೂಳು ತೆಗೆಯಬೇಕಾಯಿತು.

ಆ ಕೆರೆಗಳ ನೀರು ಕಡೆಗೆ ಸೇರುವುದು ದಕ್ಷಿಣ ಪಿನಾಕಿನಿಗೆ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ, ಹೊಸಕೋಟೆ ಕಡೆಯಿಂದ ಬಂದು, ಬಾಗಲೂರಿನ ಬಳಿ ಕೊಡಿಯಾಳಂ ಹತ್ತಿರ ತಮಿಳುನಾಡಿಗೆ ಕಾಲಿಡುವ ಈ ನದಿಗೆ ಗಡಿ ದಾಟಿದ ಮೇಲೆ ತೆನ್‌ಪೆಣ್ಣೈ ಎಂದು ಹೆಸರು. ಮುಂದೆ ಅದು ಹೊಸೂರಿನ ಕೆಲವರಪಳ್ಳಿ ಅಣೆಕಟ್ಟಿಗೆ ಸೇರುತ್ತದೆ. ಅಣೆಕಟ್ಟಿನಿಂದ ನೀರು ಬಿಟ್ಟಾಗ ಗುಡ್ಡೆಗುಡ್ಡೆಯಾಗಿ ಏಳುವ ನೊರೆಯ ಚಿತ್ರ ಪತ್ರಿಕೆಗಳಲ್ಲಿ ಎಷ್ಟೋ ಸಲ ಬಂದಿದೆ. ನೊರೆ ಕಣ್ಣಿಗೆ ಕಾಣುತ್ತದೆ. ಅದೇ ನೀರು ತಂದು ತಳದಲ್ಲಿ ಕೂರಿಸುವ ಕಪ್ಪು ಕೆಸರು ಕಾಣುವುದಿಲ್ಲ. ವರ್ಷವಿಡೀ ನೀರು ನಿಂತ ಕಡೆ ಆ ಕೆಸರು ಒಣಗಿ ಗಟ್ಟಿಯಾಗುವುದೂ ಇಲ್ಲ, ಅಂಬಲಿಯ ಹಾಗೆ ಮೆತ್ತಗೇ ಉಳಿಯುತ್ತದೆ. ಅಂಥ ತಳವನ್ನು ನೀರಿನ ಮೇಲಿನಿಂದಲೇ ಹುಡುಕಬೇಕು.

ಮೇಲಿನ ತಳಕ್ಕೆ: ತಟ್ಟೆ ಮತ್ತು ಹಗ್ಗ

ನೀರಿನ ಆಳ ನೋಡಲು ಹಗ್ಗಕ್ಕೆ ಗುಂಡು ಕಟ್ಟಿ ಇಳಿಸುವುದು ಲೋಕವೆಲ್ಲ ಬಲ್ಲ ಉಪಾಯ. ಹಡಗಿನವರು ಶತಮಾನಗಳ ಕಾಲ ಸೀಸದ ಗುಂಡು ಬಳಸಿದರು. ಕತ್ತಲಲ್ಲೂ ಆಳ ತಿಳಿಯಲೆಂದು ಹಗ್ಗಕ್ಕೆ ಒಂದು ಕಡೆ ಚರ್ಮದ ಪಟ್ಟಿ, ಇನ್ನೊಂದು ಕಡೆ ಬಟ್ಟೆಯ ತುಂಡು ಕಟ್ಟಿ ಕೈ ಸವರಿ ಲೆಕ್ಕ ಹೇಳುತ್ತಿದ್ದರು. ಗುಂಡಿನ ತಳದ ಕುಳಿಯಲ್ಲಿ ಕೊಬ್ಬು ಮೆತ್ತಿ ಬಿಟ್ಟರೆ ಅಡಿಯ ಮರಳೋ ಮಣ್ಣೋ ಅಂಟಿ ಮೇಲೆ ಬರುತ್ತಿತ್ತು. ಅಮೆರಿಕದ ಮಿಸಿಸಿಪ್ಪಿ ನದಿಯಲ್ಲಿ 12 ಅಡಿ ನೀರು ಸಿಕ್ಕಾಗ ಹಗ್ಗ ಹಿಡಿದವನು ಕೂಗುತ್ತಿದ್ದ ಮಾತೇ ‘ಮಾರ್ಕ್ ಟ್ವೈನ್’. ಅದೇ ಒಬ್ಬ ಪ್ರಸಿದ್ಧ ಲೇಖಕನ ಹೆಸರೂ ಆಯಿತು.

ಆದರೆ ಮೆತ್ತನೆಯ ಕೆಸರಿನಲ್ಲಿ ಗುಂಡು ಮೋಸ ಮಾಡುತ್ತದೆ. ಗಾರೆ ಕೆಲಸದವರ ಒಂದು ಕಿಲೋ ತೂಕದ ಗುಂಡು 10 ಚದರ ಸೆಂಟಿಮೀಟರ್ ಜಾಗದ ಮೇಲೆ ಕೂತರೆ ಪ್ರತಿ ಚದರ ಸೆಂಟಿಮೀಟರಿಗೆ 100 ಗ್ರಾಂ ಭಾರ. ಅಂಬಲಿಯಂಥ ಕೆಸರು ಅದನ್ನು ತಡೆಯಲಾರದು. ಅದೇ ಒಂದು ಕಿಲೋವನ್ನು 20 ಸೆಂಟಿಮೀಟರ್ ಅಗಲದ ದುಂಡು ತಟ್ಟೆಯ ಮೇಲೆ ಹರಡಿದರೆ ಭಾರ ಚದರ ಸೆಂಟಿಮೀಟರಿಗೆ 3 ಗ್ರಾಂ ಮಾತ್ರ. ತಟ್ಟೆ ಕೆಸರಿನ ಮೇಲೇ ಕೂರುತ್ತದೆ. ಭತ್ತದ ಗದ್ದೆ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಬರಿಗಾಲಿನಲ್ಲಿ ನಿಂತರೆ ಮೊಣಕಾಲವರೆಗೆ ಹೂತುಹೋಗುವ ಕೆಸರಿನ ಮೇಲೆ, ಮಟ್ಟ ಮಾಡುವ ಹಲಗೆಯ ಮೇಲೆ ಆಳು ನಿಂತರೂ ಹಲಗೆ ಹೂತುಹೋಗುವುದಿಲ್ಲ.

ಮಾಡುವ ಬಗೆ ಸರಳ. ಹಳೆಯ ಸ್ಟೀಲ್ ತಟ್ಟೆಗೆ ಸಮ ದೂರದಲ್ಲಿ ಮೂರು ತೂತು ಕೊರೆದು ಮೂರು ದಾರ ಕಟ್ಟಿ ತಕ್ಕಡಿಯ ತಟ್ಟೆಯ ಹಾಗೆ ತೂಗುಹಾಕಬೇಕು. ನೀರು ಹಾಯಲು ಅಲ್ಲಲ್ಲಿ ಇನ್ನಷ್ಟು ತೂತು ಬೇಕು, ಇಲ್ಲದಿದ್ದರೆ ತಟ್ಟೆ ತರಗೆಲೆಯ ಹಾಗೆ ಓಲಾಡುತ್ತ ಪಕ್ಕಕ್ಕೆ ಜಾರುತ್ತದೆ. ನಡುವೆ ಒಂದೆರಡು ದೊಡ್ಡ ನಟ್ಟು ಬಿಗಿದು ಒಟ್ಟು ತೂಕ ಒಂದು ಕಿಲೋ ಆಸುಪಾಸು ಇಟ್ಟರೆ ಸಾಕು. ಹಗ್ಗ ಹಿಗ್ಗದಂಥದ್ದಾಗಿರಲಿ. ಮೊದಲು ಹಗ್ಗವನ್ನು ನೆನೆಸಿ, ಎಳೆದು ಹಿಡಿದು, ಆಮೇಲೆ 10 ಸೆಂಟಿಮೀಟರಿಗೆ ಒಂದು ಗುರುತು, ಮೀಟರಿಗೆ ಒಂದು ಬಣ್ಣದ ಬಟ್ಟೆ ಕಟ್ಟಬೇಕು. ಒಣಗಿದ್ದಾಗ ಹಾಕಿದ ಗುರುತು ನೆನೆದ ಮೇಲೆ ನಿಜ ಹೇಳುವುದಿಲ್ಲ.

ತಟ್ಟೆಯನ್ನು ಎಸೆಯಬಾರದು, ನಿಧಾನವಾಗಿ ಇಳಿಸಬೇಕು. ಕೈಗೆ ಭಾರ ಕಡಿಮೆಯಾದ ಕ್ಷಣವೇ ಮೇಲಿನ ತಳ. ಮೂರು ಸಲ ಇಳಿಸಿ ಮೂರು ಅಳತೆ ಬರೆದುಕೊಂಡರೆ ಒಳ್ಳೆಯದು.

ಕೆಳಗಿನ ತಳಕ್ಕೆ: ಪೈಪು

ಗಟ್ಟಿ ನೆಲ ಹುಡುಕಲು ಇದರ ತದ್ವಿರುದ್ಧ ಸಾಧನ ಬೇಕು. ಅಗಲ ಕಡಿಮೆ ಇರುವ, ಕೆಸರನ್ನು ಸೀಳಿಕೊಂಡು ಹೋಗುವ ಕೋಲು. ಬಿದಿರಿನ ಗಳ ಕೈಗೆ ಹಗುರ, ಆದರೆ ನೀರಿನಲ್ಲಿ ತೇಲುವ ಗುಣ ಇರುವುದರಿಂದ ಮೇಲಕ್ಕೆ ಒತ್ತುತ್ತದೆ, ಎಲ್ಲಿ ನಿಂತಿತು ಎಂದು ಕೈಗೆ ತಿಳಿಯುವುದಿಲ್ಲ. ಅರ್ಧ ಇಂಚಿನ ಜಿಐ ಪೈಪು ಉತ್ತಮ. ಕೆಳ ತುದಿ ತೆರೆದಿರಬೇಕು. 10 ಸೆಂಟಿಮೀಟರಿಗೊಂದು ಬಣ್ಣದ ಪಟ್ಟೆ ಬಳಿದರೆ ಕೆಲಸ ಮುಗಿಯಿತು.

ಪೈಪನ್ನು ಎರಡು ಕೈಯ ಬಲದಿಂದ ಮಾತ್ರ ಒತ್ತಬೇಕು. ಸುತ್ತಿಗೆ ಬೇಡ, ಮೇಲೆ ಜೋತು ಬೀಳುವುದೂ ಬೇಡ. ಕೆರೆಯ ಎಲ್ಲ ಕಡೆ ಒಬ್ಬರೇ ಒತ್ತಿದರೆ ಅಳತೆ ಒಂದೇ ತೂಕದಲ್ಲಿ ಬರುತ್ತದೆ. ಕೆಸರಿನಲ್ಲಿ ಪೈಪು ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯುತ್ತದೆ. ಮರಳು ಸಿಕ್ಕರೆ ಕರಕರ ಎನ್ನುತ್ತದೆ, ಕಲ್ಲು ಸಿಕ್ಕರೆ ಟಕ್ ಎನ್ನುತ್ತದೆ, ಹಳೆಯ ಜೇಡಿ ನೆಲ ಸಿಕ್ಕರೆ ಹಿಡಿದುಕೊಂಡು ಬಿಡಲು ಸತಾಯಿಸುತ್ತದೆ.

ಸುಮ್ಮನೆ ಕೈಯನ್ನೇ ನಂಬಬೇಕಿಲ್ಲ. ಪೈಪು ಮೇಲೆತ್ತಿದಾಗ ತೆರೆದ ತುದಿಯಲ್ಲಿ ಒಂದು ಚೂರು ಮಣ್ಣು ಕಚ್ಚಿಕೊಂಡು ಬರುತ್ತದೆ. ಕಪ್ಪಗೆ, ಕೊಳೆತ ವಾಸನೆಯ, ಬೆರಳಿಗೆ ನುಣುಪಾದ ಮಣ್ಣು ಬಂದರೆ ಇನ್ನೂ ಹೂಳಿನಲ್ಲೇ ಇದ್ದೀರಿ. ಕೆಂಪು ಅಥವಾ ಹಳದಿ ಛಾಯೆಯ ಗಟ್ಟಿ ಮಣ್ಣು, ಗರಸು ಬಂದರೆ ಮೂಲ ನೆಲ ಮುಟ್ಟಿದ್ದೀರಿ. ನಡುವೆ ಹೂತ ಮರದ ದಿಮ್ಮಿಯೋ ಕಲ್ಲೋ ತಡೆದಿರಬಹುದು. ಆದ್ದರಿಂದ ಒಂದು ಮಾರು ಆಚೆ ಇನ್ನೊಮ್ಮೆ ಒತ್ತಿ ನೋಡುವುದು ಕ್ಷೇಮ.

ಪೈಪಿನ ಅಳತೆಯಿಂದ ತಟ್ಟೆಯ ಅಳತೆ ಕಳೆದರೆ ಆ ಜಾಗದ ಹೂಳಿನ ದಪ್ಪ ಸಿಗುತ್ತದೆ. ತಟ್ಟೆ 1 ಮೀಟರ್ 60 ಸೆಂಟಿಮೀಟರಿನಲ್ಲಿ ನಿಂತು ಪೈಪು 2 ಮೀಟರ್ 20 ಸೆಂಟಿಮೀಟರಿನಲ್ಲಿ ನಿಂತರೆ ಹೂಳು 60 ಸೆಂಟಿಮೀಟರ್. ಅಷ್ಟೇ ಲೆಕ್ಕ.

ಸಂಶಯ ಬಂದರೆ ಬಿಳಿ ಟವೆಲ್

ತಟ್ಟೆ ನಿಜವಾಗಿ ಕೆಸರಿನ ಮೇಲೇ ನಿಂತಿತೆ ಎಂದು ಸಂಶಯ ಬಂದರೆ ಪರೀಕ್ಷಿಸಲು ಎರಡು ಉಪಾಯಗಳಿವೆ. ಕೊಳಚೆ ನೀರು ಶುದ್ಧೀಕರಿಸುವ ಹೊಂಡಗಳಲ್ಲಿ ಕೆಸರು ಎಷ್ಟು ಕೂತಿದೆ ಎಂದು ನೋಡಲು ಬಿಳಿ ಟವೆಲ್ ಬಳಸುವ ರೂಢಿಯಿದೆ. ಉದ್ದದ ಕೋಲಿನ ಕೆಳಭಾಗಕ್ಕೆ ಬಿಳಿ ಟವೆಲ್ ಬಿಗಿಯಾಗಿ ಸುತ್ತಿ ಕಟ್ಟಿ, ನೆಟ್ಟಗೆ ಇಳಿಸಿ, ಸ್ವಲ್ಪ ಹೊತ್ತು ಬಿಟ್ಟು, ಅಲುಗಾಡಿಸದೆ ಮೇಲೆತ್ತುತ್ತಾರೆ. ಕೆಸರಿನ ಕಣ ಬಟ್ಟೆಯ ಎಳೆಗಳಲ್ಲಿ ಸಿಕ್ಕಿ ಕಪ್ಪು ಗುರುತು ಉಳಿಯುತ್ತದೆ. ಬಿಳಿ ಮುಗಿದು ಕಪ್ಪು ಶುರುವಾದಲ್ಲೇ ಕೆಸರಿನ ಮಟ್ಟ.

ಎರಡನೆಯದು ಪಾರದರ್ಶಕ ಪ್ಲಾಸ್ಟಿಕ್ ಕೊಳವೆ. ಎರಡೂ ತುದಿ ತೆರೆದ ಕೊಳವೆಯನ್ನು ನಿಧಾನವಾಗಿ ಕೆಸರಿನವರೆಗೆ ಇಳಿಸಿ, ಮೇಲಿನ ಬಾಯಿಯನ್ನು ಹೆಬ್ಬೆರಳಿನಿಂದ ಬಿಗಿಯಾಗಿ ಮುಚ್ಚಿ ಎತ್ತಬೇಕು. ಮಕ್ಕಳು ಎಳನೀರಿನ ಸ್ಟ್ರಾದಲ್ಲಿ ಆಡುವ ಆಟವೇ ಇದು. ಮೇಲೆ ತಿಳಿನೀರು, ನಡುವೆ ಕದಡಿದ ನೀರು, ಕೆಳಗೆ ಕೆಸರು ಪದರಪದರವಾಗಿ ಕಾಣುತ್ತದೆ. ಕೊಳವೆ ಅಗಲವಾಗಿದ್ದರೆ ಜಾರಿ ಬೀಳುತ್ತದೆ, ಕೆಳ ತುದಿಗೆ ಫುಟ್‌ವಾಲ್ವಿನಂಥ ಬಾಗಿಲು ಬೇಕಾಗುತ್ತದೆ. ಚರಂಡಿ ನೀರನ್ನು ಮುಟ್ಟುವ ಕೆಲಸವಾದ್ದರಿಂದ ರಬ್ಬರ್ ಕೈಗವಸು ಮರೆಯಬಾರದು.

ನೀರು ಮತ್ತು ಕೆಸರಿನ ನಡುವೆ ಗೆರೆ ಎಳೆದ ಹಾಗೆ ಗಡಿ ಇರುವುದಿಲ್ಲ ಎಂಬುದೂ ಈ ಕೊಳವೆಯಿಂದಲೇ ಗೊತ್ತಾಗುತ್ತದೆ. ತಿಳಿಸಾರು, ಗಟ್ಟಿಸಾರು, ಅಂಬಲಿ, ಮುದ್ದೆ ಎಂದು ಹಂತಹಂತವಾಗಿ ಗಟ್ಟಿಯಾಗುತ್ತ ಹೋಗುತ್ತದೆ. ದೊಡ್ಡ ಬಂದರುಗಳಿಗೂ ಇದೇ ಸಮಸ್ಯೆ. ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್ ಬಂದರಿನಲ್ಲಿ ಒಂದು ಘನ ಮೀಟರ್ ಕೆಸರಿನ ತೂಕ 1.2 ಟನ್ ಮುಟ್ಟಿದ ಕಡೆಯೇ ಹಡಗುಗಳಿಗೆ ತಳ ಎಂದು ನಿಯಮ ಮಾಡಿಕೊಂಡರು. ಅದಕ್ಕಿಂತ ತೆಳ್ಳಗಿನ ಕೆಸರನ್ನು ನೀರಿನ ಲೆಕ್ಕಕ್ಕೇ ಸೇರಿಸಿದರು. ತಳ ಎಂಬುದು ಒಪ್ಪಂದದ ಮಾತು ಎಂದಾಯಿತು. ಹಳ್ಳಿಯಲ್ಲೂ ಅಷ್ಟೇ. ಎಷ್ಟು ಅಗಲದ ತಟ್ಟೆ, ಎಷ್ಟು ತೂಕ, ಯಾವ ಪೈಪು, ಯಾರು ಒತ್ತಿದರು ಎಂದು ಮೊದಲೇ ಬರೆದಿಟ್ಟರೆ ಮುಂದೆ ಜಗಳವಿಲ್ಲ.

ಮೀನು ತೋರಿಸುವ ಯಂತ್ರ ನಂಬಬಹುದೆ?

ಮೀನು ಹಿಡಿಯುವ ಹವ್ಯಾಸಿಗಳು ಬಳಸುವ, ಮೊಬೈಲಿಗೆ ಆಳ ತೋರಿಸುವ ಸಣ್ಣ ಯಂತ್ರಗಳು ಈಗ ಆನ್‌ಲೈನ್‌ನಲ್ಲಿ ಸಿಗುತ್ತವೆ. ಇವು ನೀರಿನೊಳಗೆ ಶಬ್ದ ಬಿಟ್ಟು ಪ್ರತಿಧ್ವನಿ ಬರಲು ಹಿಡಿದ ಸಮಯದಿಂದ ಆಳ ಲೆಕ್ಕ ಹಾಕುತ್ತವೆ. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ. 2 ಮೀಟರ್ ಆಳಕ್ಕೆ ಹೋಗಿ ಬರಲು ಮೂರು ಮಿಲಿಸೆಕೆಂಡೂ ಬೇಡ.

ಇವುಗಳಲ್ಲಿ ಹೆಚ್ಚಿನವು 200 ಕಿಲೋಹರ್ಟ್ಸ್ ಆಸುಪಾಸಿನ ಶಬ್ದ ಬಳಸುತ್ತವೆ. ಅದು ಕೆಸರಿನ ಮೇಲ್ಮೈಗೇ ತಗುಲಿ ವಾಪಸು ಬರುತ್ತದೆ. ಅಂದರೆ ಮೇಲಿನ ತಳ ಮಾತ್ರ ಸಿಗುತ್ತದೆ. ಕೆಸರನ್ನು ದಾಟಿ ಕೆಳಗಿನ ತಳ ನೋಡಲು 24 ಅಥವಾ 33 ಕಿಲೋಹರ್ಟ್ಸ್‌ನಂಥ ಕಡಿಮೆ ಕಂಪನದ ಶಬ್ದವನ್ನೂ ಜೊತೆಗೆ ಬಿಡುವ ದುಬಾರಿ ಯಂತ್ರ ಬೇಕು. ಇನ್ನೊಂದು ತೊಂದರೆ ಗಾಳಿಗುಳ್ಳೆಯದು. ಕೊಳಚೆ ಕೂತ ಕೆರೆಯ ಕೆಸರಿನಲ್ಲಿ ಕೊಳೆತು ಹುಟ್ಟಿದ ಅನಿಲದ ಗುಳ್ಳೆಗಳು ತುಂಬಿರುತ್ತವೆ. ಗುಳ್ಳೆಗಳು ಶಬ್ದವನ್ನು ಚದುರಿಸುತ್ತವೆ, ಯಂತ್ರ ಅದನ್ನೇ ತಳ ಎಂದು ತೋರಿಸಿದರೂ ತೋರಿಸಿತು. ಅಂತರಗಂಗೆಯ ಬೇರು, ಜೊಂಡು ಇದ್ದರಂತೂ ಕೇಳುವುದೇ ಬೇಡ. ಯಂತ್ರ ಇದ್ದವರು ಬೇಗ ಬೇಗ ಮೇಲಿನ ತಳ ನೋಡಲು ಬಳಸಿಕೊಳ್ಳಲಿ. ಪೈಪನ್ನು ಮಾತ್ರ ಮನೆಯಲ್ಲಿ ಬಿಟ್ಟು ಹೋಗಬಾರದು.

ಎಲ್ಲಿಂದ ಅಳೆಯಬೇಕು?

ನೀರಿನ ಮಟ್ಟ ದಿನವೂ ಬದಲಾಗುತ್ತದೆ. ಜನವರಿಯಲ್ಲಿ ನೀರಿನ ಮೇಲಿನಿಂದ ಅಳೆದ ಆಳ ಮಾರ್ಚಿನಲ್ಲಿ ಯಾವ ಕೆಲಸಕ್ಕೂ ಬಾರದು. ಬದಲಾಗದ ಒಂದು ಗುರುತು ಬೇಕು. ಕೆರೆಯಲ್ಲಿ ಅಂಥ ಗುರುತು ಕೋಡಿಯ ಕಲ್ಲು. ತಮಿಳಿನಲ್ಲಿ ಕಲುಂಗು, ತೆಲುಗಿನಲ್ಲಿ ಅಲುಗು. ಅಳೆಯುವ ದಿನ ನೀರು ಕೋಡಿಗಿಂತ ಎಷ್ಟು ಕೆಳಗಿದೆ ಎಂದು ನೋಡಿ ಬರೆದುಕೊಂಡು ಪ್ರತಿ ಅಳತೆಗೂ ಅದನ್ನು ಕೂಡಿಸಬೇಕು. ಮನೆ ಕಟ್ಟುವ ಮೇಸ್ತ್ರಿಗಳು ಮಟ್ಟ ನೋಡಲು ಬಳಸುವ ನೀರು ತುಂಬಿದ ಪಾರದರ್ಶಕ ಟ್ಯೂಬಿನಿಂದ ಕೋಡಿಯ ಮಟ್ಟವನ್ನು ತೂಬಿನ ಬಳಿಗೂ ತರಬಹುದು. ತೂಬಿನ ಬಾಯಿಯ ಮಟ್ಟವನ್ನೂ, ಅಂದರೆ ತಮಿಳಿನ ಮದಗಿನ ಮಟ್ಟವನ್ನೂ, ಅದೇ ಪಟ್ಟಿಗೆ ಸೇರಿಸಿದರೆ ಎಷ್ಟು ಆಳದವರೆಗೆ ತೆಗೆದ ಹೂಳು ಗದ್ದೆಗೆ ನೀರಾಗುತ್ತದೆ ಎಂಬುದೂ ತಿಳಿಯುತ್ತದೆ.

10 ಎಕರೆ ಕೆರೆ ಚೌಕವಾಗಿದ್ದರೆ ಸುಮಾರು 200 ಮೀಟರ್ ಉದ್ದ, ಅಷ್ಟೇ ಅಗಲ. 40 ಮೀಟರಿಗೆ ಒಂದರಂತೆ ಅಳೆದರೆ 25 ಜಾಗಗಳಾಗುತ್ತವೆ. ದಡದಿಂದ ದಡಕ್ಕೆ ಗುರುತು ಹಾಕಿದ ಹಗ್ಗ ಎಳೆದು ಕಟ್ಟಿದರೆ ತೆಪ್ಪ ಎಲ್ಲಿ ನಿಲ್ಲಬೇಕು ಎಂಬುದು ತಾನಾಗಿ ತಿಳಿಯುತ್ತದೆ. ಮೊಬೈಲ್ ಫೋನಿನ ಜಿಪಿಎಸ್ ಬಯಲಿನಲ್ಲಿ ಕೆಲವು ಮೀಟರ್ ಆಚೀಚೆ ತೋರಿಸಿದರೂ ಈ ಕೆಲಸಕ್ಕೆ ಸಾಕು. ಎಲ್ಲ ಜಾಗದ ಹೂಳಿನ ದಪ್ಪ ಕೂಡಿ 25ರಿಂದ ಭಾಗಿಸಿದರೆ ಸರಾಸರಿ. ಅದನ್ನು ಕೆರೆಯ ವಿಸ್ತಾರದಿಂದ ಗುಣಿಸಿದರೆ ಒಟ್ಟು ಹೂಳು. ಹತ್ತನೇ ತರಗತಿಯ ಮಕ್ಕಳು ಮಾಡುವ ಲೆಕ್ಕ. ನೀರು ಬಂದು ಸೇರುವ ಬಾಯಿಯಲ್ಲಿ ದಪ್ಪ ಕಣದ ಮರಳು ಕೂರುತ್ತದೆ, ಏರಿಯ ಕಡೆ ನುಣ್ಣನೆಯ ಕೆಸರು ಕೂರುತ್ತದೆ. ಆದ್ದರಿಂದ ಒಂದೇ ಮೂಲೆಯಲ್ಲಿ ಅಳೆದು ಇಡೀ ಕೆರೆಗೆ ಅನ್ವಯಿಸುವುದು ತಪ್ಪು.

ಕೆರೆ ಒಣಗುವ ಅದೃಷ್ಟ ಇರುವ ಊರಿನವರು ಇಷ್ಟೆಲ್ಲ ಕಷ್ಟ ಪಡಬೇಕಿಲ್ಲ. ಬೇಸಿಗೆಯಲ್ಲಿ ಅದೇ 25 ಜಾಗಗಳಲ್ಲಿ ಗುದ್ದಲಿಯಿಂದ ಸಣ್ಣ ಗುಂಡಿ ತೋಡಿ, ಮಣ್ಣಿನ ಬಣ್ಣ ಬದಲಾದ ಕಡೆಗೆ ಟೇಪು ಹಿಡಿದು ಬರೆದುಕೊಂಡು, ಗುಂಡಿ ಮುಚ್ಚಿದರೆ ಸಾಕು. ಅದಕ್ಕಿಂತ ಅಗ್ಗದ, ಅದಕ್ಕಿಂತ ನಂಬಿಕೆಯ ಅಳತೆ ಬೇರೆ ಇಲ್ಲ.

ಜೀವ ಮೊದಲು, ಅಳತೆ ಆಮೇಲೆ

ಆಳ ಅರಿಯದೆ ನೀರಿಗಿಳಿಯಬಾರದು ಎಂಬುದು ಹಿರಿಯರ ಮಾತು. ಆಳ ಅರಿಯಲು ಹೊರಟವರಿಗಂತೂ ಅದು ಎರಡು ಪಟ್ಟು ಅನ್ವಯ. ಮೆತ್ತನೆಯ ಕೆಸರಿನ ಕೆರೆಯಲ್ಲಿ ನಡೆದುಕೊಂಡು ಅಳೆಯಲು ಹೋಗಲೇಬಾರದು. ಕಾಲು ಹೂತರೆ ಎಳೆದಷ್ಟೂ ಇನ್ನೊಂದು ಕಾಲು ಇಳಿಯುತ್ತದೆ. ಈಜು ಬಲ್ಲವರಿಗೂ ಅಲ್ಲಿ ಈಜು ನೆರವಿಗೆ ಬಾರದು. ತೆಪ್ಪ ಅಥವಾ ಹರಿಗೋಲಿನಲ್ಲಿ ಕನಿಷ್ಠ ಇಬ್ಬರು, ಇಬ್ಬರಿಗೂ ಲೈಫ್ ಜಾಕೆಟ್, ದಡದಲ್ಲಿ ಹಗ್ಗ ಹಿಡಿದ ಮೂರನೆಯವರು ಇರಬೇಕು. ಪೈಪು ಒತ್ತುವಾಗ ತೆಪ್ಪ ಪಕ್ಕಕ್ಕೆ ವಾಲುತ್ತದೆ, ಆದ್ದರಿಂದ ಕೂತುಕೊಂಡೇ ಒತ್ತಬೇಕು. ಗಾಳಿ ಬೀಸುವ ಹೊತ್ತು ಬೇಡ. ಶಾಲಾ ಮಕ್ಕಳು ದಡದಲ್ಲಿ ಕೂತು ಲೆಕ್ಕ ಬರೆಯಲಿ, ನೀರಿನ ಮೇಲೆ ಬೇಡ.

ಅಳತೆ ಹಿಡಿದು ಯಾರ ಬಳಿ ಹೋಗಬೇಕು?

ಗಡಿಯ ಆಚೆ ಈಚೆ ಒಂದು ಲೆಕ್ಕ ಹೆಚ್ಚುಕಡಿಮೆ ಒಂದೇ. ತಮಿಳುನಾಡಿನಲ್ಲಿ ಸುಮಾರು 40 ಹೆಕ್ಟೇರ್, ಅಂದರೆ 100 ಎಕರೆಗಿಂತ ಹೆಚ್ಚು ಅಚ್ಚುಕಟ್ಟು ಇರುವ ಕೆರೆಗಳು ಜಲಸಂಪನ್ಮೂಲ ಇಲಾಖೆಗೆ, ಅದಕ್ಕಿಂತ ಚಿಕ್ಕವು ಪಂಚಾಯತ್ ಯೂನಿಯನ್‌ಗೆ ಸೇರುತ್ತವೆ. ಕರ್ನಾಟಕದಲ್ಲೂ 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟು ಇದ್ದರೆ ಸಣ್ಣ ನೀರಾವರಿ ಇಲಾಖೆ, ಕಡಿಮೆ ಇದ್ದರೆ ಪಂಚಾಯತ್ ವ್ಯವಸ್ಥೆ. ಅರ್ಜಿ ಬರೆಯುವ ಮೊದಲು ನಿಮ್ಮ ಕೆರೆ ಯಾರದು ಎಂದು ತಿಳಿದರೆ ಅಲೆದಾಟ ತಪ್ಪುತ್ತದೆ.

ರೈತರು ಕೆರೆಯ ವಂಡಲ್ ಮಣ್ಣನ್ನು ಉಚಿತವಾಗಿ ಹೊಲಕ್ಕೆ ಒಯ್ಯಲು ತಮಿಳುನಾಡಿನಲ್ಲಿ ಅವಕಾಶವಿದೆ. 2024ರಲ್ಲಿ ಮಾಡಿದ ಬದಲಾವಣೆಯಿಂದ ಈ ಅನುಮತಿ ತಹಶೀಲ್ದಾರರ ಮಟ್ಟದಲ್ಲೇ ಸಿಗುವಂತಾಯಿತು. ಎಕರೆಗೆ ನಂಜೆ ಅಂದರೆ ತರಿ ಭೂಮಿಗೆ 75 ಘನ ಮೀಟರ್, ಪುಂಜೆ ಅಂದರೆ ಖುಷ್ಕಿ ಭೂಮಿಗೆ 90 ಘನ ಮೀಟರ್ ಮಿತಿ. ಹೊಲದ ಮೇಲೆ ಹರಡಿದರೆ ಇದು ಸುಮಾರು 2 ಸೆಂಟಿಮೀಟರ್ ದಪ್ಪದ ಪದರ. ನಮ್ಮ ಉದಾಹರಣೆಯ 10 ಎಕರೆ ಕೆರೆಯ 24,280 ಘನ ಮೀಟರ್ ಹೂಳು ಸುಮಾರು 270 ಎಕರೆ ಖುಷ್ಕಿ ಭೂಮಿಗೆ ಸಾಕಾಗುತ್ತದೆ. ಯಾರಿಗೆ ಎಷ್ಟು, ಎಷ್ಟು ದಿನದ ಕೆಲಸ ಎಂದು ಊರಿನವರು ಕೂತು ಮಾತಾಡಲು ಈ ಒಂದು ಅಂಕಿ ಸಾಕು.

ಇಲ್ಲಿ ಎರಡು ಎಚ್ಚರಿಕೆ ಅಗತ್ಯ. ಮೊದಲನೆಯದು, ಕೆರೆಯೊಳಗಿನ ಘನ ಮೀಟರ್ ಬೇರೆ, ಲೋಡಿನ ಘನ ಮೀಟರ್ ಬೇರೆ. ಮೆತ್ತನೆಯ ಕೆಸರಿನಲ್ಲಿ ಬಹುಪಾಲು ನೀರೇ ಇರುತ್ತದೆ, ಒಣಗಿದ ಮೇಲೆ ಕುಗ್ಗುತ್ತದೆ. ಗಟ್ಟಿ ಮಣ್ಣು ಅಗೆದು ತುಂಬಿದಾಗ ಹಿಗ್ಗುತ್ತದೆ. ಯಾವುದನ್ನು ಎಣಿಸುತ್ತೇವೆ ಎಂದು ಮೊದಲೇ ಬರೆದಿರಬೇಕು. ಕೆಲಸದ ಮೊದಲು ಒಂದು ಸಲ, ಮುಗಿದ ಮೇಲೆ ಒಂದು ಸಲ, ಅದೇ ಜಾಗಗಳಲ್ಲಿ, ಅದೇ ಸಾಧನದಿಂದ ಅಳೆಯುವುದೇ ಸರಿಯಾದ ದಾರಿ. ಎರಡನೆಯದು, ಕಾರ್ಖಾನೆ ಮತ್ತು ಪೇಟೆಯ ಕೊಳಚೆ ಸೇರುವ ನೀರಿನ ಹೂಳು ಹಿಂದಿನ ಕಾಲದ ಗೋಡು ಅಲ್ಲ. ಬೆಂಗಳೂರಿನ ಇಂಥ ಕೆರೆಗಳ ಹೂಳಿನಲ್ಲಿ ಭಾರ ಲೋಹಗಳು ಇರುವುದನ್ನು ಅಧ್ಯಯನಗಳು ದಾಖಲಿಸಿವೆ. ಅಂಥ ಮಣ್ಣನ್ನು ರಾಗಿ, ಸೊಪ್ಪು, ತರಕಾರಿ ಬೆಳೆಯುವ ಹೊಲಕ್ಕೆ ಹಾಕುವ ಮೊದಲು ಭಾರ ಲೋಹ ಪರೀಕ್ಷಿಸುವ ಪ್ರಯೋಗಾಲಯಕ್ಕೆ ಮಾದರಿ ಕಳಿಸಬೇಕು. ಎಲ್ಲಿ ಕಳಿಸಬೇಕು ಎಂಬುದನ್ನು ಕೃಷಿ ಇಲಾಖೆ ಅಥವಾ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ಪೈಪಿನ ತುದಿಯಲ್ಲಿ ಬಂದ ಮಣ್ಣನ್ನೇ ಜಾಗದ ಹೆಸರು ಬರೆದು ಪೊಟ್ಟಣ ಕಟ್ಟಿಟ್ಟರೆ ಮಾದರಿಯೂ ಸಿದ್ಧ.

ಊರಿನವರ ಈ ಅಳತೆ ಸರ್ಕಾರದ ಸರ್ವೆಗೆ ಬದಲಿ ಅಲ್ಲ. ಆದರೆ ಎಂಜಿನಿಯರ್ ಸಾಹೇಬರು ಎಸ್ಟಿಮೇಟ್ ಹಿಡಿದು ಬಂದಾಗ ‘ಎಷ್ಟು ಹೂಳಿದೆ ಸಾರ್?’ ಎಂದು ಕೈಕಟ್ಟಿ ಕೇಳುವುದಕ್ಕೂ, ‘ನಮ್ಮ ಪುಸ್ತಕದಲ್ಲಿ ಇಷ್ಟಿದೆ, ನಿಮ್ಮದರಲ್ಲಿ ಎಷ್ಟಿದೆ ಸಾರ್?’ ಎಂದು ಕೇಳುವುದಕ್ಕೂ ವ್ಯತ್ಯಾಸವಿದೆ. ಪುಸ್ತಕದಲ್ಲಿ ತಾರೀಖು, ಕೋಡಿಯಿಂದ ನೀರಿನ ಮಟ್ಟ, ಜಾಗ, ತಟ್ಟೆಯ ಅಳತೆ, ಪೈಪಿನ ಅಳತೆ, ಮಣ್ಣಿನ ಬಣ್ಣ ಎಂದು ಆರು ಕಲಂ ಇರಲಿ. ಕನ್ನಡದಲ್ಲಿ ಬರೆದರೂ ಸರಿ, ತಮಿಳಿನಲ್ಲಿ ಬರೆದರೂ ಸರಿ. ಅಂಕಿ ಎರಡೂ ಕಡೆಯವರಿಗೆ ಅರ್ಥವಾಗುತ್ತದೆ.